ಮೂಲಪುರುಷರ ಬೇಸ್ ಕ್ಲಾಸ್

ಲಿಫ್ಟ್ ಹತ್ತಿದ ಮೇಲೆ ಜನ ಸಾಮಾನ್ಯವಾಗಿ ಮೇಲಿನ ಅಂಕಿಗಳನ್ನು ನೋಡುತ್ತಾರೆ, ಇಲ್ಲವೇ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾರೆ. ನಮ್ಮ ಭಾವನವರು ಮಾತ್ರ ಜೊತೆಗೆ ನಿಂತವರ ಮುಖ ನೋಡುತ್ತಿದ್ದರು. ಇವರೆಲ್ಲ ಯಾವ ಧೈರ್ಯದ ಮೇಲೆ ಇಷ್ಟು ನಿಶ್ಚಿಂತೆಯಿಂದ ನಿಂತಿದ್ದಾರೆ ಎಂದು ಅವರಿಗೆ ಗೊತ್ತಿತ್ತು. ಆ ಧೈರ್ಯ ತಾವೇ ಎಂದು ಅವರು ಬಹುಕಾಲ ನಂಬಿದ್ದರು.

ಭಾವ, ಅಂದರೆ ನಮ್ಮಕ್ಕನ ಗಂಡ, ಕೆಲಸ ಮಾಡುವುದು ಲಿಫ್ಟುಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ. ಬಾಗಿಲು ಯಾವಾಗ ತೆರೆಯಬೇಕು, ಎಷ್ಟು ಜನ ಹತ್ತಿದರೆ ಗಂಟೆ ಹೊಡೆಯಬೇಕು, ಎಲ್ಲಿ ಬ್ರೇಕ್ ಹಿಡಿಯಬೇಕು ಎಂಬುದನ್ನೆಲ್ಲ ಬೇರೆಯವರು ಬರೆಯುತ್ತಾರೆ. ಅವರು ಬರೆದದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಸಾಫ್ಟ್‌ವೇರನ್ನು ಭಾವ ಬರೆಯುತ್ತಾರೆ. ಇದರಿಂದ ಅವರಿಗೆ ಹೆಡ್‌ಮಾಸ್ಟರರ ನಡಿಗೆ ಬಂದುಬಿಟ್ಟಿತ್ತು. ಕೈ ಹಿಂದಕ್ಕೆ ಕಟ್ಟಿಕೊಂಡು ಇನ್ನೊಬ್ಬರ ಕುರ್ಚಿಯ ಹಿಂದೆ ನಿಂತು ಪರದೆ ನೋಡುತ್ತ "ಹ್ಞೂಂ" ಎನ್ನುತ್ತಿದ್ದರು. ಆ ಹ್ಞೂಂಕಾರಕ್ಕೆ ಹುಡುಗರು ಬರೆದದ್ದನ್ನೆಲ್ಲ ಅಳಿಸಿದ್ದುಂಟು.

ಹನ್ನೊಂದು ವರ್ಷದ ಹಿಂದೆ ಅವರು ಒಂದು ಬೇಸ್ ಕ್ಲಾಸ್ ಬರೆದರು. ಅದೇನೆಂದು ಅವರು ನಮಗೆ ಎಷ್ಟು ಸಲ ವಿವರಿಸಿದ್ದಾರೆಂದರೆ, ಕಂಪ್ಯೂಟರ್ ಮುಟ್ಟದ ನಾನೂ ಈಗ ಹೇಳಬಲ್ಲೆ. ಪ್ರತಿಯೊಂದು ಪರೀಕ್ಷೆಗೂ ನಾಲ್ಕು ಹೆಜ್ಜೆ: ಸಿದ್ಧತೆ ಮಾಡು, ಓಡಿಸು, ತೀರ್ಪು ಕೊಡು, ಶುಚಿ ಮಾಡು. ಈ ನಾಲ್ಕನ್ನೂ ಎಲ್ಲರೂ ಮೊದಲಿನಿಂದ ಬರೆಯುತ್ತ ಕೂತರೆ ಆಯುಷ್ಯ ಮುಗಿಯುತ್ತದೆ. ಆದ್ದರಿಂದ ಭಾವ ಒಂದು ತಂದೆಯನ್ನು ಮಾಡಿಟ್ಟರು. ಹೊಸ ಪರೀಕ್ಷೆ ಬೇಕಾದವರು ಅದರಿಂದ ಒಂದು ಮಗುವನ್ನು ಹುಟ್ಟಿಸಿ, ತಮಗೆ ಬೇಕಾದ ಹೆಜ್ಜೆಯನ್ನಷ್ಟೇ ತಾವು ಬರೆದುಕೊಂಡರೆ ಸಾಕು. ಮಗು ಬಾಯಿಬಿಡದ ಕಡೆ ತಂದೆ ಮಾತಾಡುತ್ತಾನೆ. ಈ ಮಕ್ಕಳಿಗೆ ಮಾಡ್ಯೂಲು ಎಂದು ಹೆಸರು. ಹನ್ನೊಂದು ವರ್ಷದಲ್ಲಿ ಇನ್ನೂರ ಹದಿನಾಲ್ಕು ಮಕ್ಕಳಾದವು. ಆಫೀಸಿನಲ್ಲಿ ಭಾವನಿಗೆ "ಮೂಲಪುರುಷರು" ಎಂದು ಹೆಸರು ಬಿತ್ತು. ಹೆಸರಿಟ್ಟವರು ನಗೆಯಾಡಲು ಇಟ್ಟದ್ದು. ಇವರು ಅದನ್ನು ಬಿರುದೆಂದು ತೆಗೆದುಕೊಂಡರು.

ಗೋಡೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ಮಾಡ್ಯೂಲಿಗೊಂದು ಚುಕ್ಕಿ. ಪಾಸಾದರೆ ಹಸಿರು, ಫೇಲಾದರೆ ಕೆಂಪು. ಬೆಳಿಗ್ಗೆ ಬಂದು ಇಡೀ ಗೋಡೆ ಹಸಿರಾಗಿರುವುದನ್ನು ಕಣ್ತುಂಬ ನೋಡದೆ ಭಾವ ಕಾಫಿ ಕುಡಿಯುತ್ತಿರಲಿಲ್ಲ. ಬೇಸ್ ಕ್ಲಾಸಿನ ಫೈಲಿನ ತಲೆಯ ಮೇಲೆ ಅವರೇ ಒಂದು ಸಾಲು ಬರೆದಿದ್ದರು: ಇದನ್ನು ಮುಟ್ಟಬೇಡಿ, ಅನುಮಾನವಿದ್ದರೆ ನನ್ನನ್ನು ಕೇಳಿ. ಯಾರೂ ಮುಟ್ಟಲಿಲ್ಲ. ಕೇಳಲೂ ಇಲ್ಲ. ಕೇಳಿದರೆ ಮೂರು ಗಂಟೆ ಉತ್ತರ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ಮಂಗಳವಾರ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಕಾಗದಪತ್ರ ನೋಡಿ ಸಹಿ ಹಾಕಿ ಹೋಗಬೇಕಾದ ಮನುಷ್ಯ. ಭಾವ ಅವರನ್ನು ಅಷ್ಟಕ್ಕೇ ಬಿಡುವವರಲ್ಲ. ಪ್ರಯೋಗಶಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಮೂಲೆಯಲ್ಲಿ ನಿಜವಾದ ಲಿಫ್ಟಿನ ಬಾಗಿಲೊಂದು ಚೌಕಟ್ಟು ಸಮೇತ ನಿಂತಿದೆ. ಹಿಂದೆ ಲಿಫ್ಟಿಲ್ಲ. ಬಾಗಿಲು ಗಂಭೀರವಾಗಿ ತೆರೆದಾಗ ಕಾಣುವುದು ಬೆಂಕಿ ಆರಿಸುವ ಸಿಲಿಂಡರು, ಒಂದು ಮುರಿದ ಕುರ್ಚಿ. ಬಾಗಿಲಿನ ಅಂಚಿನಲ್ಲಿ ಸಣ್ಣದೊಂದು ಸೆನ್ಸರ್ ಇದೆ. ಅದಕ್ಕೆ ಅವರೆಲ್ಲ "ಕಣ್ಣು" ಎನ್ನುತ್ತಾರೆ. ನಡುವೆ ಕೈಯೋ ಕಾಲೋ ಇದ್ದರೆ ಅದು ಕಂಡು ಬಾಗಿಲನ್ನು ತಡೆಯುತ್ತದೆ. ಕಣ್ಣೇ ಹೋದರೆ, ಅಂದರೆ ಸೆನ್ಸರ್ ಕೆಟ್ಟರೆ, ಬಾಗಿಲು ಮುಚ್ಚಲೇಬಾರದು. ತೆರೆದೇ ನಿಲ್ಲಬೇಕು. ಇದು ನಿಯಮ. ಇದನ್ನು ನೋಡಿಕೊಳ್ಳಲೆಂದೇ ಒಂದು ಮಾಡ್ಯೂಲು ಇತ್ತು.

ಭಾವನ ಯೋಜನೆ ಇಷ್ಟೇ. ಕಣ್ಣಿನ ವೈರನ್ನು ಕಿತ್ತು, ಅಧಿಕಾರಿಯ ಎದುರು ಪರೀಕ್ಷೆ ಓಡಿಸಿ, ಚುಕ್ಕಿ ತಟ್ಟನೆ ಕೆಂಪಾಗುವುದನ್ನು ತೋರಿಸಿ, "ನೋಡಿದಿರಾ" ಎನ್ನುವುದು. ವೈರು ಕಿತ್ತರೆ ಮಾಡ್ಯೂಲಿಗೆ ಅಲ್ಲಿ ಕಣ್ಣೇ ಸಿಗುವುದಿಲ್ಲ, ಕೆಂಪು ಬರಲೇಬೇಕು. ಅಷ್ಟರಲ್ಲಿ ಅಧಿಕಾರಿಗೆ ಫೋನ್ ಬಂತು. ಅವರು ಕಿಟಕಿಯ ಕಡೆ ತಿರುಗಿ ಮಾತಾಡುತ್ತಿರುವಾಗ ಭಾವ ಒಂದು ಸಲ ಅಭ್ಯಾಸ ಮಾಡಿಬಿಡೋಣವೆಂದು ವೈರು ಕಿತ್ತು ಓಡಿಸಿದರು.

ಹಸಿರು.

ಇನ್ನೊಂದು ಸಲ ಓಡಿಸಿದರು. ಹಸಿರು. ವೈರು ತಮ್ಮ ಕೈಯಲ್ಲೇ ಇದೆಯೇ ಎಂದು ನೋಡಿಕೊಂಡರು. ಇತ್ತು.

ಅಧಿಕಾರಿ ಫೋನ್ ಮುಗಿಸಿ ಬಂದು ಏನೋ ತೋರಿಸುತ್ತೇನೆ ಎಂದಿರಲ್ಲ ಎಂದು ಕೇಳಿದರು. ಭಾವ ವೈರನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಎಲ್ಲಾ ಹಸಿರು ಸಾರ್. ಅದನ್ನೇ ತೋರಿಸೋಣ ಅಂತ" ಅಂದರು. ಅಧಿಕಾರಿ ಬಹಳ ಸಂತೋಷಪಟ್ಟು ಸಹಿ ಹಾಕಿ ಹೋದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಭಾವ ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ನೋಡಿದರೆ ಅದರಲ್ಲಿ ಸುಳ್ಳೂ ಇರಲಿಲ್ಲ. ಎಲ್ಲಾ ಹಸಿರೇ ಇತ್ತಲ್ಲ.

ಊಟದ ಹೊತ್ತಿಗೆ ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ ಅವರು ಒಬ್ಬರೇ ಮತ್ತೆ ಆ ಬಾಗಿಲಿನ ಮುಂದೆ ನಿಂತರು. ವೈರು ಕಿತ್ತರು. ಹೊಸಬರಿಗೆ ವರ್ಷಕ್ಕೊಮ್ಮೆ ಕೊಡುವ ಉಪನ್ಯಾಸದ ಟಿಪ್ಪಣಿ, ಎರಡು ಬೆರಳು ದಪ್ಪದ್ದು, ಕೈಯಲ್ಲಿತ್ತು. ಅದನ್ನು ಸುರುಳಿ ಸುತ್ತಿ ಬಾಗಿಲಿನ ನಡುವೆ ಹಿಡಿದು ಗುಂಡಿ ಒತ್ತಿದರು. ಬಾಗಿಲು ಬಂದು ಟಿಪ್ಪಣಿಯನ್ನು ಹಿಡಿದುಕೊಂಡಿತು. ಬಿಡಲಿಲ್ಲ. ಮೋಟಾರು ನರಳಿತು, ಇನ್ನಷ್ಟು ಒತ್ತಿತು. ವಿದ್ಯುತ್ತನ್ನೇ ನಿಲ್ಲಿಸಿ ಸುರುಳಿಯನ್ನು ಎಳೆದುಕೊಂಡರು. ನಡುವೆ ಚಪ್ಪಟೆಯಾಗಿತ್ತು.

ಕೂತು ಮಾಡ್ಯೂಲನ್ನು ತೆರೆದು ನೋಡಿದರು. ಸಿದ್ಧತೆ ಇತ್ತು. ಓಡಿಸುವುದಿತ್ತು. ತೀರ್ಪಿನ ಜಾಗ ಖಾಲಿ. ಮಗು ಬಾಯಿಬಿಡದ ಕಡೆ ತಂದೆ ಮಾತಾಡುತ್ತಾನಲ್ಲ. ಹಾಗಾದರೆ ತಂದೆ ಏನು ಹೇಳುತ್ತಿದ್ದಾನೆ? ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಭಾವ ತಮ್ಮ ಬೇಸ್ ಕ್ಲಾಸಿನ ತೀರ್ಪಿನ ಸಾಲನ್ನು ಓದಿದರು. ಒಂದೇ ಸಾಲು: ಪಾಸ್. ಪಕ್ಕದಲ್ಲಿ ಅವರದೇ ಟಿಪ್ಪಣಿ: ಸದ್ಯಕ್ಕೆ ಹೀಗಿರಲಿ.

ಆಗ ನೆನಪಾಯಿತು. ಹನ್ನೊಂದು ವರ್ಷದ ಹಿಂದೆ ದೊಡ್ಡವರು ಯಾರೋ ನೋಡಲು ಬರುವವರಿದ್ದರು. ಬರೆದು ಮುಗಿದದ್ದು ಐದೇ ಮಾಡ್ಯೂಲು, ಉಳಿದವು ಅರ್ಧಂಬರ್ಧ. ಗೋಡೆ ಕೆಂಪಗೆ ಕಂಡರೆ ಚೆನ್ನಾಗಿರುವುದಿಲ್ಲವೆಂದು ಒಂದು ದಿನದ ಮಟ್ಟಿಗೆ ಹಾಗೆ ಬರೆದಿದ್ದರು. ಆ "ಸದ್ಯ" ಇನ್ನೂ ಮುಗಿದಿರಲಿಲ್ಲ.

ಬಾಗಿಲಿನ ಹೊಸ ಸಾಫ್ಟ್‌ವೇರು ಒಂದೂವರೆ ವರ್ಷದಿಂದ ಮೂವತ್ತೆಂಟು ಕಟ್ಟಡಗಳಲ್ಲಿ ಓಡುತ್ತಿತ್ತು. ದೂರಿನ ಪಟ್ಟಿ ತೆಗೆದು ನೋಡಿದರೆ ಎರಡು ಸಿಕ್ಕಿದವು. ಒಂದು ಕಡೆ ಸೂಟ್‌ಕೇಸು ಸಿಕ್ಕಿಹಾಕಿಕೊಂಡಿತ್ತು. ಇನ್ನೊಂದು ಕಡೆ ಯಾರೋ ಅಜ್ಜಿಯ ಊರುಗೋಲು. ಎರಡಕ್ಕೂ "ಬಳಸುವವರ ಅಜಾಗರೂಕತೆ" ಎಂದು ಬರೆದು ಮುಚ್ಚಿದ್ದರು. ಊರುಗೋಲು ಹಿಡಿದವಳ ಅಜಾಗರೂಕತೆ.

ಮ್ಯಾನೇಜರು ಕೆಟ್ಟವರಲ್ಲ. ಭಾವ ಹೇಳಿದ್ದನ್ನು ಪೂರ್ತಿ ಕೇಳಿ, ಚಪ್ಪಟೆಯಾದ ಟಿಪ್ಪಣಿಯನ್ನು ಎರಡು ಸಲ ತಿರುಗಿಸಿ ನೋಡಿ, ಅರ್ಧ ಗಂಟೆಯಲ್ಲಿ ಮೂವತ್ತೆಂಟು ಕಟ್ಟಡಗಳಿಗೂ ಪತ್ರ ಹೋಗುವಂತೆ ಮಾಡಿದರು. ಸರಿಪಡಿಸುವವರೆಗೆ ಲಿಫ್ಟು ನಿಲ್ಲಿಸಿ. ಅಷ್ಟೂ ಕಟ್ಟಡಗಳ ಜನ ಅವತ್ತಿನಿಂದ ಮೆಟ್ಟಿಲು ಹತ್ತಿ ಕಂಪನಿಯನ್ನು ಬೈದರು. ಬಾಗಿಲನ್ನು ಬರೆದವರು ಎರಡು ದಿನದಲ್ಲಿ ತಪ್ಪು ಹುಡುಕಿ ಸರಿಮಾಡಿದರು.

ಆದರೆ ಗುರುವಾರದೊಳಗೆ ಮೇಲಿನವರಿಗೆ ವರದಿ ಹೋಗಬೇಕಿತ್ತು. ವರದಿಯಲ್ಲಿ "ಕಾರಣ" ಎಂದೊಂದು ಕಲಮು. ಅದರ ಕೆಳಗೆ "ಹೊಣೆ".

ಮ್ಯಾನೇಜರು ಕೇಳಿದರು: "ಮಾಡ್ಯೂಲಿನ ಮೇಲೆ ಯಾರ ಹೆಸರಿದೆ?"

ಹೆಸರು, ಆಫೀಸಿನಲ್ಲಿ ಎಲ್ಲರೂ ಪೆನ್ಸಿಲ್ ಎಂದು ಕರೆಯುವವಳದು. ಏನನ್ನೂ ಮೊದಲು ಕಾಗದದ ಮೇಲೆ ಗೀಚದೆ ಟೈಪ್ ಮಾಡದವಳು, ತುರುಬಿಗೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವವಳು. ಭಾವನ ಕೈಕೆಳಗೆ ಕಲಿತವರಲ್ಲಿ ಎಲ್ಲರಿಗಿಂತ ಚುರುಕು. ನಾಲ್ಕು ವರ್ಷದ ಹಿಂದೆ ಹೆರಿಗೆ ರಜೆಗೆ ಹೋದಳು. ವರ್ಷ ಬಿಟ್ಟು ಬಂದಾಗ ಅವಳನ್ನು ಬೇರೆ ಗುಂಪಿಗೆ ಹಾಕಿದರು, ಅದೂ ಗುತ್ತಿಗೆಯ ಮೇಲೆ. ಆ ಗುತ್ತಿಗೆ ಬರುವ ತಿಂಗಳು ಮುಗಿಯುತ್ತಿತ್ತು.

"ಹಾಗಾದ್ರೆ ಅವರ ಹೆಸರೇ ಬರೀರಿ," ಅಂದರು ಮ್ಯಾನೇಜರು. "ಮುಂದುವರಿಸೋದು ಕಷ್ಟ ಆಗುತ್ತೆ, ಏನ್ಮಾಡೋದು. ತೀರ್ಪೇ ಬರೀದೆ ಹೋಗಿದ್ದಾರಲ್ಲ. ನಿಮ್ಮ ಬೇಸ್ ಕ್ಲಾಸಿನ ವಿಷಯ ಮೇಲಿನವರಿಗೆ ಹೇಳಿ ತಲೆ ಕೆಡಿಸೋದು ಬೇಡ. ಅದನ್ನ ಆಮೇಲೆ ಸದ್ದಿಲ್ಲದೆ ನೋಡ್ಕೊಳ್ಳಿ."

ಭಾವ ಆಗಲಿ ಎನ್ನಲಿಲ್ಲ. ಆಗುವುದಿಲ್ಲ ಎಂದೂ ಅನ್ನಲಿಲ್ಲ. ಕತ್ತನ್ನು ಒಂದು ತರಹ ಆಡಿಸಿದರು. ಇಪ್ಪತ್ತೆರಡು ವರ್ಷ ಪಾಸು ಫೇಲು ಎಂಬ ಎರಡೇ ಮಾತಿನಲ್ಲಿ ಬದುಕಿದವರಿಗೆ ಆ ಕತ್ತು ಎಲ್ಲಿಂದ ಬಂತೋ ಗೊತ್ತಿಲ್ಲ.

ಸಂಜೆ ಮನೆಗೆ ಬಂದು ವರದಿ ಬರೆದರು. ಅಕ್ಕ ಗಣಿತದ ಟೀಚರು. ಊಟದ ಮೇಜಿನ ಒಂದು ತುದಿಯಲ್ಲಿ ಅವಳ ಉತ್ತರ ಪತ್ರಿಕೆಗಳ ಗುಡ್ಡೆ, ಇನ್ನೊಂದು ತುದಿಯಲ್ಲಿ ಇವರ ಲ್ಯಾಪ್‌ಟಾಪು. ಭಾವನಿಗೆ ಬರೆದದ್ದನ್ನು ಗಟ್ಟಿಯಾಗಿ ಓದುವ ಚಾಳಿ. "ಮಾಡ್ಯೂಲು ರಚಿಸಿದವರು ತೀರ್ಪಿನ ಭಾಗವನ್ನು ಬರೆಯದೆ ಬಿಟ್ಟದ್ದೇ ಕಾರಣ" ಎಂದು ಓದಿದರು. ವಾಕ್ಯ ನೆಟ್ಟಗಿತ್ತು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅಕ್ಕ ತಲೆಯೆತ್ತದೆ ಕೇಳಿದಳು: "ಬರೀದೆ ಬಿಟ್ಟಿದ್ರೂ ಹೇಗ್ರೀ ಪಾಸಾಯ್ತು?"

ಭಾವ ವಿವರಿಸತೊಡಗಿದರು. ತಂದೆ, ಮಗು, ಬಾಯಿಬಿಡದ ಕಡೆ. ಅಕ್ಕ ಕೆಂಪು ಪೆನ್ನನ್ನು ಕೆಳಗಿಟ್ಟಳು. ಗುಡ್ಡೆಯಿಂದ ಒಂದು ಪತ್ರಿಕೆ ಎಳೆದು ತೋರಿಸಿದಳು. ಮೇಲೆ ಹೆಸರು, ನಂಬರು, ಸುಂದರವಾದ ಅಡಿಗೆರೆ. ಆಮೇಲೆ ಮೂರು ಪುಟ ಬರೀ ಬಿಳಿ.

"ಇದಕ್ಕೆ ನಾನು ಸೊನ್ನೆ ಹಾಕ್ತೀನಿ. ನಿಮ್ಮಲ್ಲಿ ಎಷ್ಟು ಹಾಕ್ತೀರಿ?"

"ಅದು ಹಾಗಲ್ಲ ಕಣೇ."

"ಎಷ್ಟು ಅಂತ ಹೇಳಿ."

ಭಾವ ಅಂದರು: "ನೂರಕ್ಕೆ ನೂರು."

ಅಕ್ಕ ಪೆನ್ನು ತೆಗೆದುಕೊಂಡು ಮತ್ತೆ ತಿದ್ದತೊಡಗಿದಳು. ನಮ್ಮಕ್ಕ ಹೀಗೆ. ಜಗಳಕ್ಕೆ ಬಂದಿದ್ದರೆ ಭಾವನಿಗೆ ಎಷ್ಟೋ ಹಾಯೆನಿಸುತ್ತಿತ್ತು.

ಆದರೂ ಅವರು ವಾಕ್ಯವನ್ನು ಬದಲಿಸಲಿಲ್ಲ. ಬದಲಿಸಿದರು ಎಂದು ಬರೆಯಲು ನನಗೆ ಆಸೆ. ಅವರೇ ನನಗೆ ಹೇಳಿದ್ದು ಹಾಗಿಲ್ಲ. ಮರುದಿನ ಬೆಳಿಗ್ಗೆ ಆ ವಾಕ್ಯವನ್ನೇ ಜೇಬಿನಲ್ಲಿಟ್ಟುಕೊಂಡು ಪೆನ್ಸಿಲ್‌ಳ ಹತ್ತಿರ ಹೋದರು. ವರದಿಯಲ್ಲಿ ಅವಳ ಹೆಸರು ಬರುವುದನ್ನು ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ಗುರುಗಳ ಬಾಯಲ್ಲೇ ಕೇಳಲಿ ಎಂಬ ಔದಾರ್ಯ. ದಾರಿಯುದ್ದಕ್ಕೂ ಒಳ್ಳೆಯ ಮಾತುಗಳನ್ನು ಜೋಡಿಸಿಕೊಂಡಿದ್ದರು. ಬೇರೆ ಕಡೆ ಕೆಲಸಕ್ಕೆ ತಾವೇ ಶಿಫಾರಸು ಬರೆದುಕೊಡುತ್ತೇವೆ ಎಂಬುದು ಅದರಲ್ಲಿ ಕೊನೆಯದು.

ಅವಳ ಮೇಜು ಜೆರಾಕ್ಸ್ ಯಂತ್ರದ ಪಕ್ಕ. ಗುತ್ತಿಗೆಯವರನ್ನೆಲ್ಲ ಅಲ್ಲೇ ಕೂರಿಸುತ್ತಾರೆ. ಭಾವ ಅರ್ಧ ಹೇಳುವಷ್ಟರಲ್ಲಿ ಅವಳಿಗೆ ಪೂರ್ತಿ ತಿಳಿಯಿತು. ಅಳಲಿಲ್ಲ. ತುರುಬಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟಳು, ಅಷ್ಟೇ.

"ನಾನು ನಿಮ್ಮನ್ನ ಕೇಳಿದ್ದೆ ಸಾರ್," ಅಂದಳು.

ಏನನ್ನು ಎಂದು ಭಾವ ಕೇಳಿದರು.

"ರಜೆಗೆ ಹೋಗೋ ದಿನ. ನಿಮ್ಮ ಟೇಬಲ್ ಹತ್ರ ನಿಂತು ಕೇಳಿದೆ. ಕಣ್ಣಿನ ಮಾಡ್ಯೂಲಿಗೆ ತೀರ್ಪು ಬರೆದಿಲ್ಲ, ಹಾಗೇ ಬಿಟ್ಟು ಹೋಗ್ತಿದ್ದೀನಿ, ಕೆಂಪು ಬರುತ್ತಲ್ವಾ ಅಂತ. ಕೆಂಪು ಬಂದ್ರೆ ಯಾರಾದ್ರೂ ನೋಡಿ ಮುಗಿಸ್ತಾರೆ ಅಂದ್ಕೊಂಡೆ. ನೀವು ತಲೆ ಎತ್ತಲಿಲ್ಲ. 'ನನ್ನ ಬೇಸ್ ಕ್ಲಾಸ್ ಯಾರನ್ನೂ ಸುಮ್ಮನೆ ಬಿಡಲ್ಲಮ್ಮ, ಹೋಗು, ಆರೋಗ್ಯ ನೋಡ್ಕೋ' ಅಂದ್ರಿ."

ಭಾವನಿಗೆ ನೆನಪಿರಲಿಲ್ಲ. ಎಷ್ಟು ತಡಕಾಡಿದರೂ ಆ ದಿನ, ಆ ಮಾತು, ಮೇಜಿನ ಪಕ್ಕ ನಿಂತ ತುಂಬುಗರ್ಭಿಣಿ, ಯಾವುದೂ ಸಿಗಲಿಲ್ಲ. ಆದರೆ ಮಾತು ತಮ್ಮದೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಅದನ್ನು ಯಾರೂ ಕಟ್ಟಿ ಹೇಳುವಂತಿರಲಿಲ್ಲ. ಅಷ್ಟು ಜಂಬ ಬೇರೆ ಯಾರಿಗೂ ಬರುತ್ತಿರಲಿಲ್ಲ.

"ಆಗ ಯಾರಿದ್ರು ಅಲ್ಲಿ?" ಎಂದು ಕೇಳಿದರು. ಕೇಳಿದ ಕೂಡಲೇ ನಾಚಿಕೆಯಾಯಿತಂತೆ.

"ಯಾರೂ ಇರ್ಲಿಲ್ಲ ಸಾರ್. ನೀವು ಇಲ್ಲ ಅಂದ್ರೆ ಇಲ್ಲ. ನಾನೇನೂ ವಾದ ಮಾಡಲ್ಲ. ಮಗೂನ ಸ್ಕೂಲು ಮಾತ್ರ ಇಲ್ಲೇ ಹತ್ರ ಸೇರಿಸಿದ್ದೆ."

ಶಿಫಾರಸಿನ ಮಾತು ಬಾಯಿಗೆ ಬರಲಿಲ್ಲ. ಪಕ್ಕದ ಯಂತ್ರ ಯಾರದ್ದೋ ಕಾಗದಗಳನ್ನು ಒಂದೊಂದಾಗಿ ಉಗುಳುತ್ತಿತ್ತು. ಭಾವ ಅದು ಮುಗಿಯುವವರೆಗೂ ನಿಂತಿದ್ದು ವಾಪಸು ಬಂದರು.

ತಮ್ಮ ಮೇಜಿಗೆ ಬಂದು ಕೂತು ವರದಿಯ ಆ ವಾಕ್ಯವನ್ನು ಅಳಿಸಿದರು. ಹೊಸದನ್ನು ಬರೆಯಲು ಮಧ್ಯಾಹ್ನವಾಯಿತು. ಮೊದಲು ಬರೆದದ್ದರಲ್ಲಿ "ಆಗಿನ ಸಂದರ್ಭದ ಒತ್ತಡದಲ್ಲಿ" ಎಂದಿತ್ತು, ತೆಗೆದರು. ಮುಂದಿನದರಲ್ಲಿ "ಸದುದ್ದೇಶದಿಂದ" ಎಂದಿತ್ತು, ಅದನ್ನೂ ತೆಗೆದರು. ಕೊನೆಗೆ ಉಳಿದದ್ದು ಇಷ್ಟು: ಏನೂ ಬರೆಯದ ಮಾಡ್ಯೂಲನ್ನು ಪಾಸು ಮಾಡುವಂತೆ ಬೇಸ್ ಕ್ಲಾಸನ್ನು ಬರೆದದ್ದು ನಾನು. ಮಾಡ್ಯೂಲು ಅಪೂರ್ಣವಾಗಿದೆ ಎಂದು ಅದನ್ನು ಬರೆದವರು ನನಗೆ ಮೊದಲೇ ತಿಳಿಸಿದ್ದರು. ತಪಾಸಣೆಯ ದಿನ ಇದು ನನಗೆ ಗೊತ್ತಾಗಿಯೂ ಅಧಿಕಾರಿಗೆ ಹೇಳಲಿಲ್ಲ. ಹೊಣೆಯ ಕಲಮಿನಲ್ಲಿ ತಮ್ಮ ಹೆಸರು ಬರೆದರು.

ಮ್ಯಾನೇಜರು ಓದಿ, ಮೂರನೆಯ ವಾಕ್ಯವನ್ನಾದರೂ ತೆಗೆಯಿರಿ, ಅದು ಯಾರಿಗೂ ಗೊತ್ತಿಲ್ಲವಲ್ಲ ಎಂದರು. ಎರಡನೆಯದಕ್ಕೆ ದಾಖಲೆ ಇದೆಯೇ ಎಂದರು. ಭಾವ ಇಲ್ಲ ಎಂದರು. ನೆನಪಾದರೂ ಇದೆಯೇ?

"ನೆನಪಿಲ್ಲ ಸಾರ್. ಆದ್ರೆ ಹೇಳಿದ್ದು ನಾನೇ."

ವರದಿ ಹಾಗೇ ಹೋಯಿತು.

ಮೇಲಿನವರು ಭಾವನನ್ನು ತೆಗೆಯಲಿಲ್ಲ. ಅದಕ್ಕಿಂತ ನಯವಾದದ್ದನ್ನು ಮಾಡಿದರು. ವಾರ್ಷಿಕ ಉಪನ್ಯಾಸ ನಿಂತಿತು. ಮುಖ್ಯಸ್ಥ ಎಂಬ ಪದ ಅವರ ಹುದ್ದೆಯಿಂದ ಉದುರಿತು. ತಪಾಸಣೆಯ ಅಧಿಕಾರಿ ಇನ್ನೊಮ್ಮೆ ಬಂದು, ಈ ಸಲ ಭಾವನನ್ನು ಹೊರಗೆ ಕೂರಿಸಿ ಎಲ್ಲವನ್ನೂ ನೋಡಿದರು. ಕ್ಯಾಂಟೀನಿನಲ್ಲಿ ಮೂಲಪುರುಷರಿಗೆ ಮೂಲವ್ಯಾಧಿ ಎಂಬ ಮಾತು ಹುಟ್ಟಿ ಎರಡು ವಾರ ಚೆನ್ನಾಗಿ ಓಡಾಡಿತು. ಭಾವ ಒಂದು ದಿನ ಅದನ್ನು ಸಾಲಿನಲ್ಲಿ ನಿಂತೇ ಕೇಳಿಸಿಕೊಂಡರು. ಪಕ್ಕದವರು ಕೆಮ್ಮಿದರು. ಭಾವ ತಟ್ಟೆ ಹಿಡಿದು ಮುಂದೆ ಸರಿದರು. ಮನೆಯಲ್ಲಿ ಮಾತು ಕಡಿಮೆಯಾಯಿತು. ಹ್ಞೂಂಕಾರ ಪೂರ್ತಿ ನಿಂತಿತು. ಅದಿಲ್ಲದೆ ಮನೆ ಬಿಕೋ ಎನ್ನುತ್ತದೆ ಎಂದು ಅಕ್ಕನೇ ಫೋನಿನಲ್ಲಿ ಹೇಳಿದಳು.

ಪೆನ್ಸಿಲ್‌ಳ ಗುತ್ತಿಗೆ ಮುಂದುವರಿಯಿತು. ಅವಳು ಬಂದು ಧನ್ಯವಾದ ಹೇಳುತ್ತಾಳೆಂದು ಭಾವ ಒಳಗೊಳಗೇ ಕಾದಿದ್ದರು. ನನ್ನ ಹತ್ತಿರ ಇದನ್ನು ಒಪ್ಪಿಕೊಂಡಿದ್ದಾರೆ. ಅವಳು ಬರಲಿಲ್ಲ. ಅವಳು ಬರಬೇಕಾದ ಕಾರಣವೇ ಇಲ್ಲ ಎಂದು ಅವರಿಗೇ ತಿಳಿಯಲು ಒಂದು ವಾರ ಹಿಡಿಯಿತು.

ಅವಳು ಬಂದದ್ದು ಕೆಲಸದ ಮೇಲೆ. ಬೇಸ್ ಕ್ಲಾಸನ್ನು ಸರಿಮಾಡುವ ಹೊಣೆಯನ್ನು ಮ್ಯಾನೇಜರು ಅವಳಿಗೆ ಕೊಟ್ಟಿದ್ದರು. ಈಗ ಹೊಸ ನಿಯಮ: ಒಬ್ಬರು ಬದಲಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಿಗೆ ಕೊಡಬೇಕು. ಒಪ್ಪಿಗೆ ಕೊಡಬೇಕಾದವರ ಜಾಗದಲ್ಲಿ ಅವಳು ಭಾವನ ಹೆಸರು ಹಾಕಿದ್ದಳು. ಬೇಕೆಂದೇ ಹಾಕಿದಳೋ, ಆ ಫೈಲು ತಿಳಿದವರು ಬೇರೆ ಯಾರೂ ಇಲ್ಲವೆಂದು ಹಾಕಿದಳೋ, ಭಾವ ಕೇಳಲಿಲ್ಲ.

ಬದಲಾದದ್ದು ಎರಡೇ ಕಡೆ. ತೀರ್ಪು ಬರೆಯದಿದ್ದರೆ ಇನ್ನು ಮುಂದೆ ಫೇಲ್. ಫೈಲಿನ ತಲೆಯ ಮೇಲಿನ "ಮುಟ್ಟಬೇಡಿ" ಎಂಬ ಸಾಲು ಇಲ್ಲ. ಅಷ್ಟನ್ನು ಓದಲು ಭಾವನಿಗೆ ಕಾಲು ಗಂಟೆ ಬೇಕಾಯಿತು. ಅವಳು ಪಕ್ಕದಲ್ಲಿ ನಿಂತೇ ಇದ್ದಳು.

"ಕೂತ್ಕೋಮ್ಮ," ಅಂದರು. ಅವಳು ಕುರ್ಚಿ ಎಳೆದುಕೊಂಡಳು. ಭಾವ ಒಪ್ಪಿಗೆಯ ಗುಂಡಿ ಒತ್ತಿದರು.

ಗೋಡೆಯ ಪರದೆ ಒಮ್ಮೆ ಖಾಲಿಯಾಗಿ, ಮತ್ತೆ ಒಂದೊಂದೇ ಚುಕ್ಕಿ ಮೂಡತೊಡಗಿತು. ಕೆಂಪು ಒಂದೆರಡು ಇರಬಹುದೆಂದು ಭಾವ ಎಣಿಸಿದ್ದರು. ಐದಾಯಿತು. ಇಪ್ಪತ್ತಾಯಿತು. ಮೇಜುಗಳ ಮೇಲಿಂದ ತಲೆಗಳು ಎದ್ದವು. ಯಾರೂ ನಗಲಿಲ್ಲ. ಒಬ್ಬ ಮೆಲ್ಲಗೆ ತನ್ನ ಹೆಸರು ಎಲ್ಲಾದರೂ ಇದೆಯೇ ಎಂದು ನೋಡಲು ಹತ್ತಿರ ಬಂದ. ಇನ್ನೂರ ಹದಿನಾಲ್ಕರಲ್ಲಿ ಅರವತ್ತೊಂದಕ್ಕೆ ನಿಂತಿತು. ಅರವತ್ತೊಂದು ಪರೀಕ್ಷೆಗಳು ಏನನ್ನೂ ನೋಡದೆ, ವರ್ಷಗಟ್ಟಲೆ, ಎಲ್ಲಾ ಸರಿಯಿದೆ ಎಂದಿದ್ದವು.

ಪೆನ್ಸಿಲ್ ಕಾಗದ ತೆಗೆದು ಪಟ್ಟಿ ಮಾಡತೊಡಗಿದಳು. ಒಂದೊಂದರ ಹೆಸರು ಹೇಳುವುದು, ಬರೆದವರು ಯಾರೆಂದು ಭಾವ ನೋಡಿ ಹೇಳುವುದು. ಕೆಲವರು ಕೆಲಸ ಬಿಟ್ಟು ಹೋಗಿದ್ದರು. ಒಬ್ಬರು ತೀರಿಕೊಂಡಿದ್ದರು. ಹತ್ತನೆಯದಕ್ಕೆ ಅವಳು, "ಬ್ರೇಕು, ತುರ್ತು ನಿಲುಗಡೆ. ಇದು ಯಾರದು ಸಾರ್?" ಎಂದಳು.

ಭಾವ ಪರದೆಯನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ನಂದಮ್ಮ," ಅಂದರು.

ಅವಳು ಬರೆದುಕೊಂಡಳು. ಅವರ ಹೆಸರಿನಲ್ಲಿ ಅವತ್ತು ಒಟ್ಟು ಒಂಬತ್ತು ಸಿಕ್ಕಿದವು. ಬ್ರೇಕಿನದನ್ನು ಮೊದಲು ಮಾಡೋಣ ಎಂದು ಅವಳೇ ಹೇಳಿದಳು. ಇಬ್ಬರೂ ಎದ್ದು ಪ್ರಯೋಗಶಾಲೆಯ ಕಡೆ ಹೋದರು.